ಆರ್ವೆಲ್ ಕಂಡ ಸ್ಪೇನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಜಾರ್ಜ್ ಆರ್ವೆಲ್‌ನ ಬದುಕು ಮತ್ತು ಸ್ಪೇನ್ ಅಂತರ್ಯುದ್ಧದ ಬಗ್ಗೆ ಅವನು ಬರೆದ ನೆನಪಿನ ಪುಸ್ತಕ 'ಹೋಮೇಜ್ ಟು ಕ್ಯಾಟಲೋನಿಯಾ' ಕುರಿತು ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ (ದಾವಣಗೆರೆ): 'ಅನಿಮಲ್ ಫಾರ್ಮ್' ಮತ್ತು '1984' ಓದಿದ್ದೇನೆ. ಈ ಮನುಷ್ಯ ಆತ್ಮಕಥೆ ಬರೆದಿದ್ದಾನೆಯೆ? ಇದ್ದರೆ ಯಾವುದರಿಂದ ಶುರು ಮಾಡಲಿ?

ಉತ್ತರ: ಹುಟ್ಟಿನಿಂದ ಮೊದಲಾಗುವ ಪೂರ್ಣ ಆತ್ಮಕಥೆ ಬರೆದಿಲ್ಲ. ತನ್ನ ಜೀವನಚರಿತ್ರೆಯನ್ನು ಯಾರೂ ಬರೆಯಬಾರದು ಎಂದೂ ಉಯಿಲಿನಲ್ಲಿ ಕೇಳಿಕೊಂಡಿದ್ದ (ಆ ಮಾತನ್ನು ಯಾರೂ ಕೇಳಲಿಲ್ಲ, ಜೀವನಚರಿತ್ರೆಗಳು ಸಾಲುಸಾಲಾಗಿ ಬಂದವು). ಅವನು ಬಿಟ್ಟುಹೋದದ್ದು ಬಿಡಿಬಿಡಿ ನೆನಪುಗಳು. 1933ರ 'ಡೌನ್ ಅಂಡ್ ಔಟ್ ಇನ್ ಪ್ಯಾರಿಸ್ ಅಂಡ್ ಲಂಡನ್'ನಲ್ಲಿ ಹೋಟೆಲಿನ ಪಾತ್ರೆ ತೊಳೆದ ದಿನಗಳು, 1937ರ 'ದಿ ರೋಡ್ ಟು ವಿಗನ್ ಪಿಯರ್'ನಲ್ಲಿ ಕಲ್ಲಿದ್ದಲು ಗಣಿಯ ಊರುಗಳು, 1938ರ 'ಹೋಮೇಜ್'ನಲ್ಲಿ ಯುದ್ಧ. ಇವಲ್ಲದೆ 'ಸಚ್, ಸಚ್ ವರ್ ದ ಜಾಯ್ಸ್' ಎಂಬ ನೀಳ ಪ್ರಬಂಧದಲ್ಲಿ ಬೋರ್ಡಿಂಗ್ ಶಾಲೆಯ ಬಾಲ್ಯವಿದೆ. ಮಾನನಷ್ಟದ ಭಯದಿಂದ ಈ ಪ್ರಬಂಧ ಅವನು ಬದುಕಿರುವಾಗ ಅಚ್ಚಾಗಲಿಲ್ಲ. ಅಮೆರಿಕದಲ್ಲಿ 1952ರಲ್ಲಿ ಶಾಲೆಯ ಹೆಸರು ಬದಲಿಸಿ ಬಂತು, ಬ್ರಿಟನ್ನಿನಲ್ಲಿ ಮುಖ್ಯೋಪಾಧ್ಯಾಯರ ಪತ್ನಿ ತೀರಿಕೊಂಡ ಮೇಲೆ 1968ರಲ್ಲಿ.

ಸ್ಪೇನ್ ಪುಸ್ತಕದಿಂದಲೇ ಶುರು ಮಾಡಿ. ನೀವು ಓದಿರುವ ಎರಡೂ ಕಾದಂಬರಿಗಳ ಬೇರು ಅಲ್ಲಿದೆ. 1936ರಿಂದೀಚೆಗೆ ತಾನು ಗಂಭೀರವಾಗಿ ಬರೆದ ಪ್ರತಿ ಸಾಲೂ ಸರ್ವಾಧಿಕಾರದ ವಿರುದ್ಧ ಮತ್ತು ತಾನು ತಿಳಿದ ಪ್ರಜಾಸತ್ತಾತ್ಮಕ ಸಮಾಜವಾದದ ಪರ ಎಂದು ಅವನೇ 1946ರ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾನೆ. ಮೊದಲರ್ಧ ಮಾತ್ರ ಉಲ್ಲೇಖಿಸಿ ಎರಡನೆಯದನ್ನು ನುಂಗುವವರೇ ಹೆಚ್ಚು.

ಪ್ರಶ್ನೆ (ಶಿರಸಿ): 'ಹೋಮೇಜ್' ಕೈಗೆತ್ತಿಕೊಂಡು ಎರಡು ಸಲ ಬಿಟ್ಟೆ. ಐದನೇ ಅಧ್ಯಾಯಕ್ಕೆ ಬಂದರೆ ಪಕ್ಷಗಳ ಹೆಸರಿನ ಮೊದಲಕ್ಷರಗಳೇ ತಲೆ ತಿನ್ನುತ್ತವೆ. ಗೆಳೆಯನ ಪ್ರತಿಯಲ್ಲಿ ಆ ಅಧ್ಯಾಯ ಅಲ್ಲಿಲ್ಲವೇ ಇಲ್ಲ! ಇದೇನು?

ಉತ್ತರ: ನಿಮ್ಮದು ಹಳೆಯ ಪಾಠ, ಗೆಳೆಯರದು ಹೊಸದು. ಪರಿವಿಡಿ ತೆಗೆದು ನೋಡಿ. 14 ಅಧ್ಯಾಯಗಳಿದ್ದರೆ 1938ರ ಮೂಲ ಜೋಡಣೆ. 12 ಅಧ್ಯಾಯ ಮತ್ತು ಕೊನೆಗೆ ಎರಡು ಅನುಬಂಧಗಳಿದ್ದರೆ ಪೀಟರ್ ಡೇವಿಸನ್ 1986ರಲ್ಲಿ ಸಂಪಾದಿಸಿದ ಪಾಠ. ಹಳೆಯ 5 ಮತ್ತು 11ನೇ ಅಧ್ಯಾಯಗಳು, ಅಂದರೆ ಪಕ್ಷರಾಜಕೀಯದ ವಿವರಣೆ ಮತ್ತು ಪತ್ರಿಕೆಗಳ ಸುಳ್ಳನ್ನು ಬಿಡಿಸಿ ತೋರಿಸುವ ಭಾಗ, ಹೊಸದರಲ್ಲಿ ಹಿಂದಕ್ಕೆ ಹೋಗಿವೆ. ಇದು ಸಂಪಾದಕರ ಸ್ವಂತ ಇಚ್ಛೆಯಲ್ಲ, ಆರ್ವೆಲ್ ಸಾಯುವ ಮುನ್ನ ಬಿಟ್ಟಿದ್ದ ಸೂಚನೆ. ಅದೇ ಸೂಚನೆಯಂತೆ ಬಾರ್ಸಿಲೋನಾದಲ್ಲಿ ಒಂದೇ ಕಡೆಯವರ ನಡುವೆ ನಡೆದ ಬೀದಿಕಾಳಗದ ಭಾಗದಲ್ಲಿ 'ಸಿವಿಲ್ ಗಾರ್ಡ್' ಎಂದಿದ್ದುದನ್ನು 'ಅಸಾಲ್ಟ್ ಗಾರ್ಡ್' ಎಂದೂ ತಿದ್ದಲಾಗಿದೆ (ಎರಡೂ ಬೇರೆ ಬೇರೆ ಪೊಲೀಸ್ ಪಡೆಗಳು). ಅಲ್ಲಿನ ಅಸಾಲ್ಟ್ ಗಾರ್ಡ್‌ಗಳ ಸಮವಸ್ತ್ರ ವೆಲೆನ್ಸಿಯಾದಿಂದ ಬಂದವರದ್ದಕ್ಕಿಂತ ಬೇರೆ ಇದ್ದುದರಿಂದ ಮೊದಲ ಸಲ ಅವನು ಗುರುತು ತಪ್ಪಿದ್ದ.

ಲೇಖಕನೇ ಬಯಸಿದ್ದರೂ ಈ ಬದಲಾವಣೆಗೆ ನಮ್ಮದು ಅರೆಮನಸ್ಸಿನ ಒಪ್ಪಿಗೆ. ಹಳೆಯ 5ನೆಯದನ್ನು ಕೊನೆಗಿಟ್ಟುಕೊಳ್ಳಿ, ನಷ್ಟವಿಲ್ಲ. 11ನೆಯದನ್ನು ಮಾತ್ರ ಬೀದಿಕಾಳಗದ ಅಧ್ಯಾಯ ಮುಗಿದ ಕೂಡಲೇ ಓದಿ, ಹೊಸ ಪ್ರತಿಯಾದರೆ ಎರಡನೇ ಅನುಬಂಧಕ್ಕೆ ಹಾರಿ. ಛಾವಣಿಯ ಮೇಲೆ ಕೂತು ಅವನು ಕಂಡದ್ದನ್ನು ಓದಿ, ಆ ಬಿಸಿ ಆರುವ ಮೊದಲೇ ಲಂಡನ್ನಿನ ಪತ್ರಿಕೆಗಳು ಅದನ್ನೇ ಹೇಗೆ ವರದಿ ಮಾಡಿದವು ಎಂದು ನೋಡಿದಾಗಲೇ ಅವನ ಸಿಟ್ಟಿನ ಅಳತೆ ಸಿಗುವುದು. ಪತ್ರಿಕೆಗಳ ಉದ್ಧರಣೆ ತುಂಬಿದ ಈ ಅಧ್ಯಾಯ ಒಳ್ಳೆಯ ಪುಸ್ತಕವನ್ನು ಪತ್ರಿಕಾಬರಹ ಮಾಡಿತು ಎಂದು ಅವನಿಗೇ ಒಬ್ಬ ವಿಮರ್ಶಕರು ಹೇಳಿದ್ದರು. ಹೌದು, ಆದರೆ ಬೇರೆ ದಾರಿಯಿರಲಿಲ್ಲ ಎಂಬುದು ಅವನ ಉತ್ತರ: ನಿರಪರಾಧಿಗಳ ಮೇಲೆ ಸುಳ್ಳು ಆರೋಪ ಹೊರಿಸಿದ್ದಾರೆಂದು ಸಿಟ್ಟು ಬಾರದಿದ್ದರೆ ಪುಸ್ತಕವನ್ನೇ ಬರೆಯುತ್ತಿರಲಿಲ್ಲ.

ಇನ್ನು ಮೊದಲಕ್ಷರಗಳು. ಐದನ್ನು ನೆನಪಿಟ್ಟರೆ ಪುಸ್ತಕ ಮುಗಿಯುತ್ತದೆ. ಸಿಎನ್‌ಟಿ ಅರಾಜಕತಾವಾದಿಗಳ (ಪ್ರಭುತ್ವವೇ ಬೇಡವೆನ್ನುವವರ) ಕಾರ್ಮಿಕ ಸಂಘ, ಎಫ್ಎಐ ಅದರೊಳಗಿನ ಕಟ್ಟಾ ಗುಂಪು. ಯುಜಿಟಿ ಸಮಾಜವಾದಿಗಳ ಕಾರ್ಮಿಕ ಸಂಘ. ಪಿಎಸ್‌ಯುಸಿ ಹೆಸರಿಗೆ ಕ್ಯಾಟಲೋನಿಯಾದ (ಬಾರ್ಸಿಲೋನಾ ಇರುವ ಪ್ರಾಂತ್ಯ) ಸಮಾಜವಾದಿ ಪಕ್ಷ, ಹಿಡಿತ ಕಮ್ಯುನಿಸ್ಟರದ್ದು. ಪಿಒಯುಎಂ ಆರ್ವೆಲ್ ಇದ್ದ ಪಡೆಯ ಸಣ್ಣ ಪಕ್ಷ. ಮಾರ್ಕ್ಸ್‌ವಾದಿಗಳೇ ಆದರೂ ಸ್ಟಾಲಿನ್ ವಿರೋಧಿಗಳು. ಇವರೆಲ್ಲ ಇದ್ದದ್ದು ಸರ್ಕಾರದ ಮೇಲೆ ದಂಗೆಯೆದ್ದ ಜನರಲ್ ಫ್ರಾಂಕೋ ವಿರುದ್ಧ, ಒಂದೇ ಕಡೆ. ಜಗಳ ಇದ್ದದ್ದು ಯುದ್ಧ ಗೆಲ್ಲುವ ತನಕ ಕ್ರಾಂತಿಯನ್ನು ಕಟ್ಟಿಡಬೇಕೇ, ಎರಡೂ ಒಟ್ಟಿಗೆ ನಡೆಯಬೇಕೇ ಎಂಬುದರಲ್ಲಿ. ಕಮ್ಯುನಿಸ್ಟರದು ಮೊದಲ ನಿಲುವು, ಪಿಒಯುಎಂ ಮತ್ತು ಅರಾಜಕತಾವಾದಿಗಳದು ಎರಡನೆಯದು.

ಪ್ರಶ್ನೆ (ಹುಬ್ಬಳ್ಳಿ): ಯುದ್ಧದ ಪುಸ್ತಕ ಅನ್ನುತ್ತಾರೆ, ಅರ್ಧ ಓದಿದರೂ ಯುದ್ಧವೇ ಕಾಣಲಿಲ್ಲ. ನಿಜಕ್ಕೂ ಅವನು ಅಲ್ಲಿ ಮಾಡಿದ್ದೇನು?

ಉತ್ತರ: ಹೆಚ್ಚಾಗಿ ಸೌದೆ ಆಯ್ದ. ನಗೆಮಾತಲ್ಲ. ಚಳಿಗಾಲದ ಸಾರಾಗೋಸಾ ಯುದ್ಧರಂಗದಲ್ಲಿ ಕಂದಕದ ಸೈನಿಕನಿಗೆ ಐದು ಸಂಗತಿ ಮುಖ್ಯ ಎಂದು ಅವನೇ ಪಟ್ಟಿ ಕೊಡುತ್ತಾನೆ: ಸೌದೆ, ಊಟ, ಹೊಗೆಸೊಪ್ಪು, ಮೇಣದಬತ್ತಿ, ಶತ್ರು. ಇದೇ ಕ್ರಮದಲ್ಲಿ, ಶತ್ರುವಿಗೆ ಕೊನೆಯ ಸ್ಥಾನ. ಅಲ್ಕುಬಿಯೆರೆ ಗುಡ್ಡಗಳ ಮೇಲೆ ಎರಡೂ ಕಡೆಯ ನೆಲೆಗಳ ನಡುವೆ ನೇರ ಗೆರೆಯಲ್ಲಿ 700 ಮೀಟರ್ ಇತ್ತು, ಆ ಕಾಲದ ಹಳೆಯ ಬಂದೂಕಿಗೆ ಗುರಿ ನಿಲ್ಲದ ದೂರ. ಹಾಗಾಗಿ ಗುಂಡಿಗಿಂತ ಚಳಿಯೇ ದೊಡ್ಡ ಶತ್ರು. ಬೋಳುಗುಡ್ಡದಲ್ಲಿ ಸಿಗುತ್ತಿದ್ದದ್ದು ಪುರಳೆ, ಭರ್ರನೆ ಉರಿದು ಮುಗಿಯುವ ರೋಸ್‌ಮೆರಿ ಗಿಡ. ಅದಕ್ಕೂ ಸಾಲಿನಾಚೆ ತೆವಳಬೇಕು.

ಆಯುಧಗಳ ಸ್ಥಿತಿ ಇನ್ನೂ ವಿಚಿತ್ರ. ಬಾರ್ಸಿಲೋನಾದ ಲೆನಿನ್ ಬ್ಯಾರಕ್ಸ್‌ನಲ್ಲಿ ತರಬೇತಿ ಎಂದರೆ ಬರೀ ಕವಾಯತು. ಬಂದೂಕು ಹಿಡಿಯುವುದನ್ನು ಕಲಿಸಲು ಅಲ್ಲಿ ಬಂದೂಕೇ ಇರಲಿಲ್ಲ. ರಂಗಕ್ಕೆ ಹೋದ ಮೇಲೆ ಆರ್ವೆಲ್ ಕೈಗೆ ಬಂದದ್ದು 1896ರ ಜರ್ಮನ್ ಮೌಸರ್, ನಲವತ್ತು ವರ್ಷ ಹಳೆಯದು, ನಳಿಗೆಯೊಳಗೆ ತುಕ್ಕು. ಒರೆಸಲು ಬಂದೂಕಿನ ಎಣ್ಣೆಯಿಲ್ಲ. ಆಲಿವ್ ಎಣ್ಣೆ, ವ್ಯಾಸಲೀನ್, ಕೋಲ್ಡ್ ಕ್ರೀಮ್, ಹಂದಿ ಕೊಬ್ಬು, ಸಿಕ್ಕಿದ್ದನ್ನು ಹಚ್ಚಿದ. ತಲೆಗೆ ಉಕ್ಕಿನ ಟೋಪಿಯಿಲ್ಲ, ಬಂದೂಕಿಗೆ ಬಯೊನೆಟ್ ಇಲ್ಲ, ನಕಾಶೆಯಿಲ್ಲ, ದೂರದರ್ಶಕವಿಲ್ಲ, ತಂತಿ ಕತ್ತರಿಸುವ ಕತ್ತರಿಯೂ ಇಲ್ಲ.

ಕೈಬಾಂಬಿನ ವಿವರಣೆ ಪುಸ್ತಕದ ಒಳ್ಳೆಯ ಭಾಗಗಳಲ್ಲೊಂದು. ಮಾಮೂಲಿ ಬಾಂಬಿನಲ್ಲಿ ಲಿವರನ್ನು ಒಂದು ಪಿನ್ನು ಹಿಡಿದಿರುತ್ತದೆ. ಅರಾಜಕತಾವಾದಿಗಳು ಯುದ್ಧದ ಆರಂಭದಲ್ಲಿ ತಯಾರಿಸಿದ ಬಾಂಬಿನಲ್ಲಿ ಲಿವರನ್ನು ಹಿಡಿದದ್ದು ಒಂದು ತುಂಡು ಟೇಪು. ಟೇಪು ಹರಿದ ಮರುಗಳಿಗೆಯಲ್ಲೇ ಎಸೆದು ಕೈ ತೊಳೆದುಕೊಳ್ಳಬೇಕು. ಇದಕ್ಕೆ ಪಡೆಯಲ್ಲಿದ್ದ ಹೆಸರು 'ನಿಷ್ಪಕ್ಷಪಾತಿ'. ಯಾರ ಮೇಲೆ ಎಸೆದರೋ ಅವನನ್ನೂ ಕೊಲ್ಲುತ್ತದೆ, ಎಸೆದವನನ್ನೂ ಕೊಲ್ಲುತ್ತದೆ.

ಗುಂಡು ತಲುಪದ ಕಡೆ ಮಾತು ತಲುಪುತ್ತಿತ್ತು. ಮೆಗಾಫೋನ್ ಹಿಡಿದು ಎದುರು ಪಾಳೆಯದ ಬಡ ಸೈನಿಕರಿಗೆ 'ನಿಮ್ಮ ವರ್ಗದವರ ಮೇಲೆಯೇ ಏಕೆ ಹೋರಾಡುತ್ತೀರಿ' ಎಂದು ಕೂಗುವುದು ಇವರ ಕಡೆಯ ರೂಢಿ. ಒಬ್ಬ ಮಾತ್ರ ಕ್ರಾಂತಿಯ ಘೋಷಣೆಗೆ ಬದಲು ಬೆಣ್ಣೆ ಸವರಿದ ಟೋಸ್ಟಿನ ವರ್ಣನೆ ಶುರುಹಚ್ಚಿದ: 'ನಾವಿಲ್ಲಿ ಈಗ ಟೋಸ್ಟ್ ತಿನ್ನಲು ಕೂತಿದ್ದೇವೆ!' ಅವನೂ ವಾರಗಟ್ಟಲೆ ಬೆಣ್ಣೆ ಕಂಡಿರಲಾರ. ಸುಳ್ಳೆಂದು ಗೊತ್ತಿದ್ದೂ ತನ್ನ ಬಾಯಲ್ಲೇ ನೀರೂರಿತು ಎನ್ನುತ್ತಾನೆ ಆರ್ವೆಲ್.

ಇಷ್ಟಾದರೂ ಆ ಪಡೆಯಲ್ಲಿ ಒಂದು ಸಂಗತಿ ಅವನನ್ನು ಹಿಡಿದಿಟ್ಟಿತು. ಜನರಲ್‌ನಿಂದ ಸಾಮಾನ್ಯ ಸೈನಿಕನವರೆಗೆ ಎಲ್ಲರಿಗೂ ದಿನಕ್ಕೆ 10 ಪೆಸೆಟಾ, ಒಂದೇ ಊಟ, ಒಂದೇ ಬಟ್ಟೆ. ಸೆಲ್ಯೂಟ್ ಇಲ್ಲ. ಕೊಟ್ಟ ಆಜ್ಞೆಗೆ ಕಾರಣ ಕೇಳಿದರೆ ಹೇಳಬೇಕು. ಇದರಿಂದ ಕೆಲಸ ನಿಧಾನವಾಗುತ್ತಿತ್ತು, ಮೊದಮೊದಲು ಅವನಿಗೂ ರೇಗುತ್ತಿತ್ತು. ಅಂಥ ಪಡೆ ಆ ಸ್ಥಿತಿಯಲ್ಲಿ ಓಡಿಹೋಗದೆ ನಿಂತಿತಲ್ಲ ಎಂಬುದೇ ಅವನ ವಾದಕ್ಕೆ ಆಧಾರ. ನಿಮಗೆ ಬೇಕಿರುವ ಹೋರಾಟ ವೆಸ್ಕಾ ಊರಿನ ಹೊರಗಿನ ರಾತ್ರಿ ದಾಳಿಯ ಅಧ್ಯಾಯದಲ್ಲಿದೆ (ಹಳೆಯ ಪ್ರತಿಯಲ್ಲಿ 7ನೆಯದು). ಅಲ್ಲಿಯೂ ಹುಡುಕಿಕೊಂಡು ಹೋದ ಮಷಿನ್‌ಗನ್ ಸಿಗುವುದಿಲ್ಲ. ಸಿಕ್ಕ ದೊಡ್ಡ ದೂರದರ್ಶಕವನ್ನೂ ಬಿಟ್ಟು ಬರಬೇಕಾಗುತ್ತದೆ.

ಪ್ರಶ್ನೆ (ಮೈಸೂರು): ಗುಂಡು ಕುತ್ತಿಗೆಯಲ್ಲಿ ತೂರಿ ಹೋದರೂ ಬದುಕಿದ ಎಂಬುದು ನಿಜವೆ?

ಉತ್ತರ: ನಿಜ. 1937ರ ಮೇ 20ರ ಬೆಳಗಿನ ಜಾವ, ವೆಸ್ಕಾ ಬಳಿ. ಆರಡಿ ಮೀರಿದ ಆಸಾಮಿ, ಕಂದಕದ ಅಂಚಿನ ಮೇಲೆ ತಲೆ ಕಾಣುತ್ತಿತ್ತು. ಮುಖ್ಯ ರಕ್ತನಾಳ ತಪ್ಪಿದ್ದು ಸುಮಾರು ಒಂದು ಮಿಲಿಮೀಟರಿನಿಂದ. ಒಂದು ಧ್ವನಿತಂತು ಸತ್ತಿತು. ಇನ್ನು ದನಿ ಬರುವುದಿಲ್ಲ ಎಂದ ವೈದ್ಯರ ಮಾತು ಸುಳ್ಳಾಗಿ ಕೆಲವು ತಿಂಗಳಲ್ಲಿ ದನಿ ಮರಳಿತು. ಕುತ್ತಿಗೆಗೆ ಗುಂಡು ತಗುಲಿಯೂ ಬದುಕಿದ ನೀನೇ ಪುಣ್ಯವಂತ ಎಂದು ಎಲ್ಲರೂ ಹೇಳುತ್ತಿದ್ದರಂತೆ. ಗುಂಡು ತಗಲದೇ ಇದ್ದಿದ್ದರೆ ಇನ್ನೂ ಹೆಚ್ಚಿನ ಪುಣ್ಯವಾಗುತ್ತಿತ್ತು ಎಂಬುದು ಅವನ ಅನಿಸಿಕೆ.

ಪ್ರಶ್ನೆ (ಬೆಂಗಳೂರು): ಕಾನೂನು ವಿದ್ಯಾರ್ಥಿ ನಾನು. ಒಂದು ಪಕ್ಷದ ಪಡೆಯಲ್ಲಿ ಬಂದೂಕು ಹಿಡಿದವನು ಆ ಪಕ್ಷದ ಪರವಾಗಿ ಬರೆದ ಪುಸ್ತಕವನ್ನು ಸಾಕ್ಷ್ಯವೆಂದು ಹೇಗೆ ಒಪ್ಪುವುದು?

ಉತ್ತರ: ಪಾಟೀಸವಾಲಿಗೆ ಒಡ್ಡಿಯೇ ಒಪ್ಪಬೇಕು. ಆ ಕೆಲಸವನ್ನು ಅವನು ಸುಲಭ ಮಾಡಿಟ್ಟಿದ್ದಾನೆ.

ಮೊದಲು, ಆ ಪಡೆಗೆ ಸೇರಿದ್ದು ಆಕಸ್ಮಿಕ. 1936ರ ಡಿಸೆಂಬರಿನಲ್ಲಿ ಸ್ಪೇನಿಗೆ ಹೋಗಲು ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷದ ಹ್ಯಾರಿ ಪಾಲಿಟ್ ಅವರ ನೆರವು ಕೇಳಿದ, ಸಿಗಲಿಲ್ಲ. ಅಲ್ಲಿನ ಇನ್ನೊಂದು ಎಡಪಕ್ಷ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಪತ್ರ ಕೊಟ್ಟಿತು. ಅದರ ನಂಟು ಇದ್ದದ್ದು ಪಿಒಯುಎಂ ಜೊತೆ. ಅಷ್ಟೇ ಅಲ್ಲ, ಮೊದಲು ಗೆಲ್ಲೋಣ ಎಂಬ ಕಮ್ಯುನಿಸ್ಟ್ ನಿಲುವೇ ಅವನಿಗೆ ಬಹುಕಾಲ ಸರಿ ಕಂಡಿತ್ತು. ಏಪ್ರಿಲ್ ಕೊನೆಗೆ ರಜೆಯ ಮೇಲೆ ಬಾರ್ಸಿಲೋನಾಗೆ ಬಂದಾಗ ಮ್ಯಾಡ್ರಿಡ್ ರಂಗದಲ್ಲಿದ್ದ, ಕಮ್ಯುನಿಸ್ಟರು ಕಟ್ಟಿದ ಅಂತರರಾಷ್ಟ್ರೀಯ ದಳಕ್ಕೆ ವರ್ಗ ಮಾಡಿಸಿಕೊಳ್ಳುವ ತಯಾರಿಯಲ್ಲಿದ್ದ. ಮೇ 3ರಂದು ಟೆಲಿಫೋನ್ ಎಕ್ಸ್‌ಚೇಂಜಿನ ಮೇಲೆ ಸರ್ಕಾರಿ ಪೊಲೀಸರು ದಾಳಿಯಿಟ್ಟರು, ಬೀದಿಕಾಳಗ ಹತ್ತಿಕೊಂಡಿತು, ವರ್ಗದ ಮಾತು ಅಲ್ಲಿಗೇ ನಿಂತಿತು.

ಎರಡನೆಯದು ಓದುವ ರೀತಿ. ಪೆನ್ಸಿಲ್ ಹಿಡಿದು ಬೀದಿಕಾಳಗದ ಅಧ್ಯಾಯದ ಪ್ರತಿ ಪ್ಯಾರಾದ ಅಂಚಿನಲ್ಲಿ 'ಕಂ', 'ಕೇ', 'ಓ' ಎಂದು ಗುರುತು ಹಾಕಿ: ಕಂಡದ್ದು, ಕೇಳಿದ್ದು, ಪತ್ರಿಕೆಯಲ್ಲಿ ಓದಿದ್ದು. ಪೋಲಿಯೋರಾಮಾ ಚಿತ್ರಮಂದಿರದ ಛಾವಣಿಯ ಮೇಲೆ ಮೂರು ದಿನ ಕಾವಲು ಕೂತದ್ದು, ಎದುರಿನ ಕೆಫೆ ಮೋಕಾದಲ್ಲಿ ಅಡಗಿದ್ದ ಪೊಲೀಸರ ಜೊತೆ ಕಮಾಂಡರ್ ಜಾರ್ಜ್ ಕಾಪ್ ಮಾತಾಡಿ ಗುಂಡು ಹಾರದಂತೆ ನೋಡಿಕೊಂಡದ್ದು, 'ಕಂ'. ಎಕ್ಸ್‌ಚೇಂಜಿನಲ್ಲಿ ಗಲಾಟೆ ಎಂಬ ಸುದ್ದಿ ಹೋಟೆಲಿನ ಹಜಾರದಲ್ಲಿ ಗೆಳೆಯ ಹೇಳಿದ್ದು, 'ಕೇ'. ಸತ್ತವರು 400, ಗಾಯಗೊಂಡವರು ಸುಮಾರು 1000 ಎಂಬ ಲೆಕ್ಕ ಸರ್ಕಾರದ್ದು. 400 ಸ್ವಲ್ಪ ಹೆಚ್ಚಾಯಿತೇನೋ ಎಂದು ಅವನೇ ಅನುಮಾನಿಸುತ್ತಾನೆ, ತನ್ನ ಕಡೆಯವರ ಸಾವಿನ ಲೆಕ್ಕ ಏರಿದ್ದರೆ ಅನುಕೂಲ ಎಂದು ಗೊತ್ತಿದ್ದೂ. ಹೀಗೆ ಗುರುತು ಹಾಕುತ್ತ ಹೋದರೆ ಬಹುಪಾಲು ಕಡೆ ನಿಮ್ಮ ಗುರುತನ್ನು ಅವನ ವಾಕ್ಯವೇ ಮೊದಲು ಹೇಳಿರುತ್ತದೆ. ಇದು ಎಲ್ಲ ರಾಜಕೀಯ ನೆನಪುಗಳಿಗೂ ಒಡ್ಡಬಹುದಾದ ಪರೀಕ್ಷೆ. ಪಾಸಾಗುವ ಪುಸ್ತಕ ಕಡಿಮೆ.

ಮೂರನೆಯದು, ದಾಖಲೆಯ ಕೊರತೆ. ಅವನ ದಿನಚರಿ ಕೈಯಲ್ಲಿರಲಿಲ್ಲ. ಜೂನ್ 16ರಂದು ಪಿಒಯುಎಂ ನಾಯಕ ಆಂದ್ರೆಸ್ ನಿನ್ ಬಂಧನವಾಗಿ ಪಕ್ಷ ನಿಷೇಧವಾಯಿತು (ನಿನ್ ಮುಂದೆ ಸೋವಿಯತ್ ಏಜೆಂಟರ ಕೈಯಲ್ಲಿ ಹತನಾದ). ಪೊಲೀಸರು ಹೋಟೆಲ್ ಕೋಣೆಗೆ ನುಗ್ಗಿ ಹೆಚ್ಚುಕಡಿಮೆ ಎರಡು ಗಂಟೆ ಹುಡುಕಿ ಕಾಗದಪತ್ರ, ದಿನಚರಿ ಎಲ್ಲ ಹೊತ್ತೊಯ್ದರು. ಹೆಂಡತಿ ಮಲಗಿದ್ದ ಹಾಸಿಗೆಯೊಂದನ್ನು ಮಾತ್ರ ಮುಟ್ಟಲಿಲ್ಲ. ಆದ್ದರಿಂದ ತಾರೀಕು, ದೂರಗಳಲ್ಲಿ ನೆನಪಿನ ತಪ್ಪು ಇರುತ್ತದೆ ಎಂದೇ ಇಟ್ಟುಕೊಳ್ಳಿ. ಕಾಪ್ ತನ್ನ ಹಿನ್ನೆಲೆಯ ಬಗ್ಗೆ ಹೇಳಿಕೊಂಡ ಕಥೆಯನ್ನು ಆರ್ವೆಲ್ ನಂಬಿ ಬರೆದ. ಅದರಲ್ಲಿ ಬಹಳಷ್ಟು ಕಟ್ಟುಕಥೆ ಎಂದು ಆಮೇಲಿನ ಸಂಶೋಧಕರು ತೋರಿಸಿದ್ದಾರೆ. ಪುಸ್ತಕದ ಕೊನೆಯಲ್ಲಿ ಅವನೇ ಎಚ್ಚರಿಸುತ್ತಾನೆ: ನನ್ನ ಪಕ್ಷಪಾತ, ನನ್ನ ತಪ್ಪುಗಳು, ಒಂದು ಮೂಲೆಯಿಂದ ಮಾತ್ರ ನೋಡಿದ್ದರಿಂದ ಬಂದ ವಕ್ರತೆ, ಇವುಗಳ ಬಗ್ಗೆ ಹುಷಾರಾಗಿರಿ, ಈ ಯುದ್ಧದ ಬಗ್ಗೆ ಬೇರೆ ಯಾವ ಪುಸ್ತಕ ಓದಿದರೂ ಹೀಗೆಯೇ ಹುಷಾರಾಗಿರಿ.

ವಾದಿಯ ಕಡೆಯ ದಾಖಲೆಯೂ ಆಮೇಲೆ ಸಿಕ್ಕಿದೆ. 1937ರ ಜುಲೈ 13ರ ತಾರೀಕಿನ, ದೇಶದ್ರೋಹ ಮತ್ತು ಗೂಢಚರ್ಯೆಯ ವಿಚಾರಣಾ ಮಂಡಳಿಗೆ ಸಲ್ಲಿಸಿದ ಆರೋಪಪತ್ರದಲ್ಲಿ ಆರ್ವೆಲ್ ದಂಪತಿಗಳನ್ನು ಕಡು ಟ್ರಾಟ್ಸ್ಕಿವಾದಿಗಳೆಂದು (ಸ್ಟಾಲಿನ್‌ನ ಎದುರಾಳಿ ಟ್ರಾಟ್ಸ್ಕಿಯ ಅನುಯಾಯಿಗಳೆಂದು) ಹೆಸರಿಸಲಾಗಿತ್ತು. ಅಷ್ಟರಲ್ಲಿ ಅವರು ಜೂನ್ 23ರ ರೈಲಿನಲ್ಲಿ, ಉಳ್ಳವರಂತೆ ಕಾಣಲೆಂದು ಊಟದ ಬೋಗಿಯಲ್ಲಿ ಕೂತು, ಫ್ರಾನ್ಸಿಗೆ ದಾಟಿಯಾಗಿತ್ತು.

ಪ್ರಶ್ನೆ (ಧಾರವಾಡ): ಅವನ ಹೆಂಡತಿಯೂ ಅಲ್ಲಿದ್ದಳಲ್ಲ? ಪುಸ್ತಕದಲ್ಲಿ ಆಕೆಯ ಹೆಸರೇ ಕಾಣದು.

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ಪುಸ್ತಕದುದ್ದಕ್ಕೂ ಆಕೆ 'ನನ್ನ ಹೆಂಡತಿ' ಮಾತ್ರ. ಐಲೀನ್ ಬ್ಲೇರ್ (ಬ್ಲೇರ್ ಎಂಬುದು ಆರ್ವೆಲ್‌ನ ನಿಜವಾದ ಮನೆತನದ ಹೆಸರು) 1937ರ ಫೆಬ್ರವರಿಯಿಂದ ಬಾರ್ಸಿಲೋನಾದ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಕಚೇರಿಯಲ್ಲಿ ಜಾನ್ ಮೆಕ್‌ನೇರ್ ಕೈಕೆಳಗೆ ಕೆಲಸ ಮಾಡುತ್ತಿದ್ದರು, ಮಾರ್ಚಿನಲ್ಲಿ ಯುದ್ಧರಂಗಕ್ಕೂ ಹೋಗಿ ಬಂದರು. ಜೂನ್ 20ರಂದು ಬಿಡುಗಡೆಪತ್ರದೊಂದಿಗೆ ಹೋಟೆಲಿಗೆ ಬಂದ ಗಂಡನ ಕೊರಳಿಗೆ ಕೈಹಾಕಿ, ನೋಡುವವರಿಗಾಗಿ ನಗುತ್ತ, 'ಹೊರಗೆ ನಡಿ' ಎಂದು ಕಿವಿಯಲ್ಲಿ ಹೇಳಿ ಉಳಿಸಿದ್ದು ಆಕೆಯೇ. ಕಂಡದ್ದನ್ನು ಇಷ್ಟು ನಿಖರವಾಗಿ ಬರೆದವನು ತನ್ನ ಪಕ್ಕದಲ್ಲೇ ಇದ್ದ ಆ ಅಪಾಯವನ್ನು ಇಷ್ಟು ತೆಳುವಾಗಿ ಬರೆದದ್ದು ಪುಸ್ತಕದ ಕೊರತೆಯೇ. ಹೆಸರು ಮುಚ್ಚಿಟ್ಟದ್ದು ರಕ್ಷಣೆಗಾಗಿ ಎಂಬ ಸಮರ್ಥನೆ ನಿಲ್ಲುವುದಿಲ್ಲ, ಪುಸ್ತಕ ಬರುವ ಹೊತ್ತಿಗೆ ಇಬ್ಬರೂ ಇಂಗ್ಲೆಂಡಿನಲ್ಲಿದ್ದರು.

ಪ್ರಶ್ನೆ (ಮಂಗಳೂರು): ಇಂಥ ಪುಸ್ತಕ ಬಂದಾಗ ಗದ್ದಲವೆದ್ದಿರಬೇಕಲ್ಲ?

ಉತ್ತರ: ಇಲ್ಲ, ಮೌನ. ಅವನ ಖಾಯಂ ಪ್ರಕಾಶಕ ವಿಕ್ಟರ್ ಗೊಲಾಂಜ್ ಒಂದು ಸಾಲೂ ಓದುವ ಮೊದಲೇ ಬೇಡವೆಂದರು. 'ನ್ಯೂ ಸ್ಟೇಟ್ಸ್‌ಮನ್' ಸಂಪಾದಕ ಕಿಂಗ್ಸ್‌ಲಿ ಮಾರ್ಟಿನ್ ಅವನ ಲೇಖನವನ್ನೂ, ಸ್ಪೇನ್ ಕುರಿತ ಪುಸ್ತಕವೊಂದರ ವಿಮರ್ಶೆಯನ್ನೂ ಹಿಂದಿರುಗಿಸಿದರು. ಫ್ರಾಂಕೋ ವಿರೋಧಿ ಪಾಳೆಯದ ಒಳಜಗಳ ಹೇಳಿದರೆ ಫ್ರಾಂಕೋಗೆ ಲಾಭ ಎಂಬ ತರ್ಕ. ಕೊನೆಗೆ ಸೆಕರ್ ಅಂಡ್ ವಾರ್ಬರ್ಗ್ 1938ರ ಏಪ್ರಿಲಿನಲ್ಲಿ 1500 ಪ್ರತಿ ಅಚ್ಚು ಹಾಕಿತು. ಆರ್ವೆಲ್ 1950ರ ಜನವರಿ 21ರಂದು ಕ್ಷಯದಿಂದ ಸಾಯುವಾಗಲೂ ಅಷ್ಟು ಖರ್ಚಾಗಿರಲಿಲ್ಲ. ಅಮೆರಿಕನ್ ಆವೃತ್ತಿ ಬಂದದ್ದು 1952ರಲ್ಲಿ, ಅಲ್ಲಿನ ವಿಮರ್ಶಕ ಲಯನಲ್ ಟ್ರಿಲ್ಲಿಂಗ್ ಮುನ್ನುಡಿಯೊಂದಿಗೆ. ಅಲ್ಲಿಂದ ಅದರ ಎರಡನೇ ಬದುಕು.

ಪ್ರಶ್ನೆ (ಕಲಬುರಗಿ): ಸರ್ವಾಧಿಕಾರ ಬಯ್ದವನೇ ಸರ್ಕಾರಕ್ಕೆ ಎಡಪಂಥೀಯರ ಹೆಸರು ಕೊಟ್ಟನಂತೆ. ಇದಕ್ಕೇನು ಹೇಳುತ್ತೀರಿ?

ಉತ್ತರ: ಕೊಟ್ಟದ್ದು ನಿಜ. 1949ರಲ್ಲಿ ಬ್ರಿಟಿಷ್ ವಿದೇಶಾಂಗ ಇಲಾಖೆಯ ಪ್ರಚಾರ ವಿಭಾಗದಲ್ಲಿದ್ದ ಸೀಲಿಯಾ ಕರ್ವನ್ ಅವರಿಗೆ 38 ಹೆಸರುಗಳ ಪಟ್ಟಿ ಕೊಟ್ಟ. ಪಟ್ಟಿ ಬಹಿರಂಗವಾದದ್ದು 2003ರಲ್ಲಿ. ಕಮ್ಯುನಿಸ್ಟ್ ಒಲವಿದ್ದು ಪ್ರಚಾರ ಬರವಣಿಗೆಗೆ ನಂಬಲಾಗದವರು ಎಂಬ ಪಟ್ಟಿ ಅದು, ಜೈಲಿಗೆ ಹಾಕಿ ಎಂಬುದಲ್ಲ. ಆ ವ್ಯತ್ಯಾಸ ಮುಖ್ಯ. ಆದರೂ ಹೋಟೆಲ್ ಕೋಣೆಯ ಶೋಧ, ಗುಟ್ಟಿನ ಆರೋಪ ಏನೆಂದು ಮೈಮೇಲೆ ಅನುಭವಿಸಿದವನು ಗುಟ್ಟಾಗಿ ಹೆಸರು ಬರೆದುಕೊಟ್ಟದ್ದು ನಮಗೆ ಸಮರ್ಥನೀಯ ಅನ್ನಿಸುವುದಿಲ್ಲ. ಇದರಿಂದ ಸ್ಪೇನ್ ಪುಸ್ತಕ ಸುಳ್ಳಾಗುವುದೂ ಇಲ್ಲ.

ಪ್ರಶ್ನೆ (ಸಾಗರ): ಅವನು ಭಾರತದಲ್ಲಿ ಹುಟ್ಟಿದವನೆ?

ಉತ್ತರ: ಹೌದು. ಬಿಹಾರದ ಮೋತಿಹಾರಿ, 1903ರ ಜೂನ್ 25. ಹೆಸರು ಎರಿಕ್ ಆರ್ಥರ್ ಬ್ಲೇರ್. ತಂದೆ ಅಫೀಮು ಇಲಾಖೆಯ ನೌಕರ. ವರ್ಷ ತುಂಬುವ ಹೊತ್ತಿಗೆ ತಾಯಿ ಇಂಗ್ಲೆಂಡಿಗೆ ಕರೆದೊಯ್ದರು.

ಪ್ರಶ್ನೆ (ತುಮಕೂರು): 'ಹೋಮೇಜ್' ಅನ್ನು ಕನ್ನಡಕ್ಕೆ ತರಬೇಕೆಂದಿದ್ದೇನೆ. ಯಾರ ಅನುಮತಿ ಬೇಕು?

ಉತ್ತರ: ಮೂಲ ಪಾಠಕ್ಕೆ ಭಾರತದಲ್ಲಿ ಯಾರದ್ದೂ ಬೇಡ. ನಮ್ಮ ಕಾಯ್ದೆಯಲ್ಲಿ ಹಕ್ಕು ಲೇಖಕನ ಮರಣದ ನಂತರದ ವರ್ಷದಿಂದ 60 ವರ್ಷ. ಆರ್ವೆಲ್ ಲೆಕ್ಕದಲ್ಲಿ ಅದು 2010ರ ಕೊನೆಗೆ ಮುಗಿಯಿತು. ಎಡವುವುದು ಬೇರೆ ಕಡೆ. ಡೇವಿಸನ್ ಬರೆದ ಟಿಪ್ಪಣಿಗಳು ಅವರವು, ಅವನ್ನು ಎತ್ತಿಕೊಳ್ಳಬೇಡಿ. ಟ್ರಿಲ್ಲಿಂಗ್ ತೀರಿಕೊಂಡದ್ದು 1975ರಲ್ಲಿ, ಆ ಮುನ್ನುಡಿ 2035ರ ಕೊನೆಯವರೆಗೆ ಹಕ್ಕಿನಡಿ ಇರುತ್ತದೆ. ಹೊಸ ಜೋಡಣೆಯಲ್ಲಿ ಅನುವಾದಿಸುವುದಾದರೆ 1938ರ ಪಾಠವನ್ನು ಮುಂದಿಟ್ಟುಕೊಂಡು ಎರಡು ಅಧ್ಯಾಯ ಹಿಂದಕ್ಕೆ ಹಾಕಿ, 'ಅಸಾಲ್ಟ್ ಗಾರ್ಡ್' ತಿದ್ದುಪಡಿಯನ್ನು ನಿಮ್ಮದೇ ಅಡಿಟಿಪ್ಪಣಿಯಲ್ಲಿ ಹೇಳಿ. ಇ-ಪುಸ್ತಕವನ್ನು ಅಮೆರಿಕದಲ್ಲೂ ಮಾರುವ ಯೋಚನೆಯಿದ್ದರೆ ನಿಲ್ಲಿ: ಅಲ್ಲಿ 1938ರ ಪುಸ್ತಕಕ್ಕೆ ಹಕ್ಕು 95 ವರ್ಷ, ಅಂದರೆ 2033ರ ಕೊನೆಯವರೆಗೆ. ಅಪ್‌ಲೋಡ್ ಮಾಡುವಾಗ ಮಾರಾಟದ ದೇಶಗಳ ಪಟ್ಟಿಯಿಂದ ಅಮೆರಿಕವನ್ನು ತೆಗೆದುಹಾಕಿ.